ಬೆನ್ನಿಂದ ನೀರು ತೆಗೆಸಲು ಒಪ್ಪಬೇಕಾ? ಮೆದುಳಿನ ಸೋಂಕು ಕಂಡವರು ಹೇಳಿ

ಪ್ರಶ್ನೆ, ಸುಂಟಿಕೊಪ್ಪದಿಂದ:
ನಮ್ಮ ಭಾವನಿಗೆ ಜ್ವರ, ತಲೆನೋವು ಶುರುವಾಗಿ ಎರಡು ವಾರದ ಮೇಲಾಯಿತು. ಈಗ ವಾಂತಿ, ಮಾತೂ ತಡವರಿಸುತ್ತಿದೆ. ಶುಗರ್ ಮೊದಲಿಂದಲೂ ಇದೆ. ಮಡಿಕೇರಿಯಲ್ಲಿ ಅಡ್ಮಿಟ್ ಮಾಡಿದ್ದೇವೆ. ಸ್ಕ್ಯಾನ್ ಆಯಿತು. ಮೆದುಳಿನ ಪೊರೆಗೆ ಸೋಂಕು ಇರಬಹುದು, ಬೆನ್ನಿಂದ ನೀರು ತೆಗೆಯಬೇಕು ಅಂತಿದ್ದಾರೆ. ಕಾಲು ಬಿದ್ದುಹೋಗುತ್ತದೆ ಅಂತ ಅತ್ತೆ ಸಹಿ ಹಾಕಲು ಬಿಡುತ್ತಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ?

ಕುಶಾಲನಗರದಿಂದ, ವಾರ್ಡ್ ನರ್ಸ್:
ಸಹಿ ಹಾಕಿ ಅಕ್ಕ, ಇವತ್ತೇ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಮಗ್ಗುಲಾಗಿ ಮಲಗಿಸಿ ಮಂಡಿಗಳನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತೇವೆ, ನೀರು ಹನಿ ಹನಿಯಾಗಿ ಸಣ್ಣ ಬಾಟಲಿಗೆ ಬೀಳುತ್ತದೆ. ಸಾಮಾನ್ಯವಾಗಿ ಅದು ಪೂರ್ತಿ ತಿಳಿ. ಬ್ಯಾಕ್ಟೀರಿಯಾ ಜೋರಾಗಿದ್ದರೆ ಗಂಜಿ ತಿಳಿಯ ಹಾಗೆ ಮಬ್ಬಾಗಿರುತ್ತದೆ. ಆಮೇಲೆ ಕೆಲವರಿಗೆ ಎದ್ದು ಕೂತರೆ ತಲೆ ನೋಯುತ್ತದೆ, ಮಲಗಿದರೆ ಇಳಿಯುತ್ತದೆ. ಕಾಫಿ ಕುಡಿದರೂ ಸ್ವಲ್ಪ ಹಗುರ. ನಮ್ಮ ಕಡೆ ಅದಕ್ಕೇನು ಬರ ಹೇಳಿ!

ಒಂದು ಮಾತು ನೆನಪಿಡಿ. ಆ ನೀರಿನ ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ಬ್ಯಾಕ್ಟೀರಿಯಾ, ಟಿಬಿ, ಫಂಗಸ್ ಯಾವುದಿದ್ದರೂ ಸಾಮಾನ್ಯವಾಗಿ ಅದು ಕುಸಿಯುತ್ತದೆ. ನಿಮ್ಮ ಭಾವನ ರಕ್ತದಲ್ಲಿ 300 ಇದ್ದು ನೀರಿನಲ್ಲಿ 80 ಬಂದರೆ, ನೋಡುವುದಕ್ಕೆ ಸರಿಯೇ ಅನ್ನಿಸುತ್ತದೆ, ಆದರೆ ಅದು ಕಡಿಮೆಯೇ. ಅದಕ್ಕೇ ನೀರು ತೆಗೆದ ಹೊತ್ತಿಗೇ ರಕ್ತದ ಶುಗರ್ ಕೂಡ ನೋಡಿದ್ದಾರಾ ಅಂತ ಕೇಳಿ. ಎರಡು ವಾರ ಎಳೆದಿರುವುದರಿಂದ ಟಿಬಿ, ಫಂಗಸ್ ಪರೀಕ್ಷೆಗೂ ನೀರು ಹೋಗಬೇಕು. ಹಾಗಂತ ರಿಪೋರ್ಟ್ ಬರಲಿ ಅಂತ ಆ್ಯಂಟಿಬಯಾಟಿಕ್ ತಡ ಮಾಡುವಂತಿಲ್ಲ. ಅನುಮಾನ ಬಂದ ಕೂಡಲೇ ಸೆಫ್ಟ್ರಿಯಾಕ್ಸೋನ್ ಥರದ್ದು ಶುರು ಮಾಡುತ್ತಾರೆ, ರೋಗಾಣು ಗೊತ್ತಾದ ಮೇಲೆ ಬದಲಿಸುತ್ತಾರೆ.

ಸೋಮವಾರಪೇಟೆಯಿಂದ:
ನನ್ನ ಹೆಂಡತಿಗೆ ಟಿಬಿ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಗೆ ಟಿಬಿ ಆಗಿತ್ತು. ಟಿಬಿ ರೋಗಾಣು ಹುಡುಕುವ ಸಿಬಿನಾಟ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸಿಗದಿದ್ದರೆ ಟಿಬಿ ಇಲ್ಲ ಅಂತ ಅರ್ಥವಲ್ಲ ಅಂದ ಡಾಕ್ಟರ್, ಉಳಿದ ಲಕ್ಷಣ ನೋಡಿ ಮಾತ್ರೆ ಕೊಟ್ಟೇ ಬಿಟ್ಟರು. ಜೊತೆಗೆ ಸ್ಟಿರಾಯ್ಡ್, ಅದನ್ನು ನಿಧಾನವಾಗಿ ಇಳಿಸಿದರು. ಶ್ವಾಸಕೋಶದ ಟಿಬಿಗೆ ಆರು ತಿಂಗಳಾದರೆ ಇದಕ್ಕೆ 9ರಿಂದ 12 ತಿಂಗಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯದ್ದು. ಕಣ್ಣು ಹಳದಿಯಾದರೆ ಮಾತ್ರ ಓಡಿ. ಮಾತ್ರೆ ಸರ್ಕಾರದ್ದು, ಪುಕ್ಕಟೆ. ಸರ್ಕಾರದ ಟಿಬಿ ನೋಂದಣಿ ನಿಕ್ಷಯ್‌ನಲ್ಲಿ ಹೆಸರು ಬರೆಸಿ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಖಾತೆಗೆ ಬರುತ್ತದೆ. ನಮಗೆ ಕಷ್ಟ ಆಗಿದ್ದು ಕಾಫಿ ಕೊಯ್ಲಿನ ಸಮಯದಲ್ಲಿ. ತಲೆನೋವು ಹೋಗಿತ್ತು, ಕೆಲಸ ಜಾಸ್ತಿ, ಇನ್ನೇಕೆ ಮಾತ್ರೆ ಅಂತ ಅವಳ ಹಟ. ಪೂರ್ತಿ ಮುಗಿಸುವವರೆಗೆ ದಿನಾ ನಾನೇ ಎದುರಿಗೆ ನಿಂತು ನುಂಗಿಸಿದೆ.

ವಿರಾಜಪೇಟೆಯಿಂದ:
ಎಲ್ಲರಿಗೂ ಬೆನ್ನಿನ ನೀರು ತೆಗೆಯುವುದಿಲ್ಲ. ನನ್ನ ಅಕ್ಕನ ಮಗನಿಗೆ ಕಿವಿ ಸೋರುತ್ತಿತ್ತು, ಮನೆಯವರು ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದರು. ಕೀವು ಮೆದುಳಿಗೇ ಏರಿ ಗಡ್ಡೆ ಕಟ್ಟಿತು. ಒಳಗೆ ಒತ್ತಡ ಇದ್ದಾಗ ಬೆನ್ನಿಂದ ನೀರು ತೆಗೆದರೆ ಅಪಾಯ, ಹಾಗಾಗಿ ಮೈಸೂರಿನಲ್ಲಿ ತಲೆಗೆ ಸಣ್ಣ ತೂತು ಮಾಡಿ ಕೀವು ತೆಗೆದರು. ಆಮೇಲೆ ವಾರಗಟ್ಟಲೆ ನರಕ್ಕೆ ಇಂಜೆಕ್ಷನ್. ನಿಮ್ಮವರಿಗೆ ಸ್ಕ್ಯಾನ್ ಮೊದಲೇ ಆಗಿರುವುದು ಒಳ್ಳೆಯದೇ ಆಯಿತು.

ಗೋಣಿಕೊಪ್ಪದಿಂದ:
ನಮ್ಮ ಮಾವನಿಗೆ ಕಿಡ್ನಿ ಕಸಿ ಆಗಿತ್ತು, ಆ ಮಾತ್ರೆಗಳಿಂದ ರೋಗ ತಡೆಯುವ ಶಕ್ತಿ ಕುಗ್ಗಿ ಕ್ರಿಪ್ಟೊಕಾಕಸ್ ಫಂಗಸ್ ಹತ್ತಿತು. ನಿಮ್ಮ ಅತ್ತೆಗೆ ಹೇಳಿ, ನಮ್ಮ ಮಾವನ ಬೆನ್ನಿಂದ ಮತ್ತೆ ಮತ್ತೆ ನೀರು ತೆಗೆದರು. ಪರೀಕ್ಷೆಗಲ್ಲ, ತಲೆಯ ಒತ್ತಡ ಇಳಿಸುವುದಕ್ಕೆ. ತೆಗೆದ ದಿನ ತಲೆ ಹಿಡಿದುಕೊಂಡು ನರಳುವುದು ನಿಲ್ಲುತ್ತಿತ್ತು, ಕಾಲು ಚೆನ್ನಾಗೇ ಇದೆ. ಫಂಗಸ್‌ಗೆ ಕೊಡುವ ಆಂಫೋಟೆರಿಸಿನ್ ಇಂಜೆಕ್ಷನ್ ಏರಿಸುವಾಗ ಚಳಿ ನಡುಕ ಬರುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು), ಪೊಟ್ಯಾಸಿಯಂ ಆಗಾಗ ನೋಡಬೇಕು. ಅದಾದ ಮೇಲೆ ಫ್ಲೂಕೊನಜೋಲ್ ಮಾತ್ರೆ ತಿಂಗಳುಗಟ್ಟಲೆ. ಎಚ್‌ಐವಿ ಪರೀಕ್ಷೆ ಮಾಡುತ್ತೇವೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಔಷಧ ನಿರ್ಧರಿಸಲು ಅದೂ ಬೇಕು. ಶುಗರ್ ಇದ್ದವರಿಗೆ ಮುಖ ಊದಿಕೊಂಡರೆ, ಮೂಗಿನಲ್ಲಿ ಕಪ್ಪು ಕಂಡರೆ ತಕ್ಷಣ ತೋರಿಸಿ. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಫಂಗಸ್ ನೋಡಿದ್ದೇವಲ್ಲ.

ಮತ್ತೆ ಕುಶಾಲನಗರದಿಂದ:
ಮೈಸೂರಿಗೋ ನಿಮ್ಹಾನ್ಸ್‌ಗೋ ಕಳಿಸುತ್ತೇವೆ ಅಂದರೆ ಸುಮ್ನೆ ಜೀಪಿನಲ್ಲಿ ಹೊರಡಬೇಡಿ, ದಾರಿಯಲ್ಲಿ ಫಿಟ್ಸ್ ಬರಬಹುದು. ಆಂಬುಲೆನ್ಸ್ ಕೇಳಿ. ಸ್ಕ್ಯಾನ್ ಸಿಡಿ, ನೀರಿನ ರಿಪೋರ್ಟ್, ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು ಅನ್ನುವ ಚೀಟಿ, ಮೂರನ್ನೂ ಕೈಯಲ್ಲೇ ಇಟ್ಟುಕೊಳ್ಳಿ.