ಮಗಳ ಬೆನ್ನುನೋವು, ಬ್ರೇಸ್: ಅನುಭವ ಇರುವವರು ಸ್ವಲ್ಪ ಹೇಳಿ

ಮಗಳಿಗೆ 13 ವರ್ಷ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ, ಸ್ಕೋಲಿಯೋಸಿಸ್. ಎಕ್ಸ್‌ರೇಯಲ್ಲಿ ಕಾಬ್ ಕೋನ, ಅಂದರೆ ಬಾಗು ಎಷ್ಟಿದೆ ಅನ್ನುವ ಅಳತೆ, 28 ಡಿಗ್ರಿ. ಇನ್ನೂ ಬೆಳೆಯುವ ವಯಸ್ಸು, ಬಾಗು ಜಾಸ್ತಿ ಆಗಬಾರದು ಅಂತ ಡಾಕ್ಟರ್ ದಿನಕ್ಕೆ 18 ಗಂಟೆ ಬ್ರೇಸ್ (ಮೈಸುತ್ತ ಹಾಕುವ ಗಟ್ಟಿ ಕವಚ) ಹಾಕಲು ಹೇಳಿದ್ದಾರೆ.

ಬ್ರೇಸ್ ಇರುವುದು ಬಾಗು ತಡೆಯುವುದಕ್ಕೆ, ನೋವು ಕಳೆಯುವುದಕ್ಕಲ್ಲ. ನನಗೆ ಅರ್ಥವಾಗಿದೆ, ಅವಳಿಗೆ ಅರ್ಥ ಮಾಡಿಸುವುದೇ ಕಷ್ಟ. "ಹಾಕಿಕೊಂಡರೂ ನೋಯುತ್ತದಲ್ಲ" ಅನ್ನುತ್ತಾಳೆ. ತುಂಬಾ ಹೊತ್ತು ಕೂತು ಓದಿದ ದಿನ ಸಂಜೆಗೆ ಸೊಂಟದ ಮೇಲೆ ಹಿಡಿದುಕೊಳ್ಳುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿಲ್ಲ, ಜ್ವರವಿಲ್ಲ, ಕಾಲು ಜೋಮು ಹಿಡಿಯುವುದಿಲ್ಲ, ಮೂತ್ರದ ತೊಂದರೆಯೂ ಇಲ್ಲ. ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಬನ್ನಿ ಅಂದಿದ್ದಾರೆ. ಹಾಗಾಗಿ ದಿನಾ ಕೇಳುತ್ತಿರುತ್ತೇನೆ. ಅವಳಿಗೆ ಅದೂ ಕಿರಿಕಿರಿ!

ಫಿಸಿಯೋ ಕಲಿಸಿದ ವ್ಯಾಯಾಮ ಮೂರು ದಿನ ಮಾಡುತ್ತಾಳೆ, ನಾಲ್ಕನೇ ದಿನ ಮರೆವು. ನೋವು ಅಂತ ಸುಮ್ನೆ ಮಲಗಿಸಬೇಡಿ, ಆಟ ಬಿಡಿಸಬೇಡಿ ಅಂತಲೂ ಹೇಳಿದ್ದಾರೆ.

ಬ್ರೇಸ್ ಒಳಗೆ ಬೆವರಿ ಚರ್ಮ ಕೆಂಪಾಗುವುದಕ್ಕೆ ಏನು ಮಾಡಿದಿರಿ? ಒಳಗೆ ಮೈಗಂಟುವ ಹತ್ತಿ ಬನಿಯನ್ ಸಾಕಾ? ಕ್ಲಾಸಿನಲ್ಲಿ ನಡುನಡುವೆ ಎದ್ದು ಓಡಾಡಲು ಟೀಚರ್ ಹತ್ತಿರ ಹೇಗೆ ಕೇಳಿದಿರಿ? ಗೆಳತಿಯರು ನೋಡಿ ನಗುತ್ತಾರೆ ಅನ್ನುವ ಅವಳ ಹೆದರಿಕೆಗೆ ಏನು ಹೇಳಲಿ?

ಎಣ್ಣೆ ತಿಕ್ಕಿ ಮೂಳೆ ನೇರ ಮಾಡುವವರ ನಂಬರ್ ಮಾತ್ರ ಬೇಡ. ಆಗಲೇ ಮೂರು ಬಂದಿವೆ.