ಅಪ್ಪ–ಅಮ್ಮನ ಜೊತೆ ಈಜಿಪ್ಟ್: ವೀಸಾ, ಮಾತ್ರೆ, ಊಟ. ಹೋಗಿ ಬಂದವರು ಹೇಳಿ

ದಾವಣಗೆರೆ ಮಗಳು (ಪ್ರಶ್ನೆ)
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಪ್ಪ (71), ಅಮ್ಮ (66) ಮತ್ತು ನಾನು ಈಜಿಪ್ಟಿಗೆ ಹೊರಟಿದ್ದೇವೆ. 22ರ ಬೆಳಿಗ್ಗೆ ಅಬು ಸಿಂಬೆಲ್ ಗುಡಿಯ ಗರ್ಭಗುಡಿವರೆಗೂ ಬಿಸಿಲು ಬರುತ್ತಲ್ಲ, ಅದನ್ನು ನೋಡಬೇಕು ಅನ್ನೋದು ಅಪ್ಪನ ಬಹಳ ದಿನದ ಆಸೆ. ಅವರಿಬ್ಬರಿಗೂ ಅಮೆರಿಕ ವೀಸಾ ಇದೆ, ಅಣ್ಣನ ಮನೆಗೆ ಎರಡು ಸಲ ಹೋಗಿ ಬಂದಿದ್ದಾರೆ. ನನ್ನ ಪಾಸ್‌ಪೋರ್ಟ್ ಪೂರ್ತಿ ಖಾಲಿ. ಅವರಿಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತಾ? ನಾನೊಬ್ಬಳೇ ಮೊದಲೇ ಮಾಡಿಸಬೇಕಾ? ಅಮ್ಮನಿಗೆ ಮಂಡಿ ನೋವಿದೆ, ದಿನಾ ಮಾತ್ರೆ ಬೇಕು. ಮೊಟ್ಟೆಯನ್ನೂ ತಿನ್ನುವುದಿಲ್ಲ.

ಹುಬ್ಬಳ್ಳಿ ಮೇಷ್ಟ್ರು
ನಾನು 2023ರಲ್ಲಿ ಹೋಗಿದ್ದು. ಏಜೆಂಟ್ ಕೈಗೆ ಒಂದು ರೂಪಾಯಿ ಕೊಟ್ಟಿಲ್ಲ, ಎಲ್ಲಾ ನಾನೇ ಮಾಡಿಕೊಂಡೆ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ವರ್ಷದ ಐಟಿ ರಿಟರ್ನ್ಸ್, ಶಾಲೆಯಿಂದ ರಜೆ ಪತ್ರ, ಹೋಟೆಲ್ ಬುಕಿಂಗ್, ಹೋಗಿಬರುವ ಟಿಕೆಟ್, ಯಾವ ದಿನ ಯಾವ ಊರು ಅನ್ನುವ ಪಟ್ಟಿ. ಇಷ್ಟು ಜೋಡಿಸಿ ಕಳಿಸಿದೆ. ತಪ್ಪು ನನ್ನದೇ. ಸ್ಟೇಟ್‌ಮೆಂಟನ್ನು ಫೋನಿನಿಂದ ಪ್ರಿಂಟ್ ತೆಗೆದಿದ್ದೆ, ಬ್ಯಾಂಕಿನ ಸೀಲ್ ಇರಲಿಲ್ಲ. ಫೈಲು ವಾಪಸ್ ಬಂತು. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ರಜೆ. ಮೂರು ದಿನ ಕಾದು 14 ಹಾಳೆಗೂ ಸೀಲ್ ಹಾಕಿಸಿದೆ. ಕೊರಿಯರಿಗೆ ಎರಡು ಸಲ ಸೇರಿ 1,140 ರೂಪಾಯಿ. ಫೋಟೋ ಬಿಳಿ ಹಿನ್ನೆಲೆಯಲ್ಲಿ ಸರಿಬಾರದೆ ಮೂರು ಸಲ ತೆಗೆಸಿದೆ, 360.

ಟಿಕೆಟ್ ಮಾತ್ರ ಮೊದಲೇ ತೆಗೆದುಬಿಟ್ಟಿದ್ದೆ. ವಾಪಸ್ ಕೊಟ್ಟರೆ ಹಣ ಬಾರದ ಟಿಕೆಟ್. ಇಬ್ಬರಿಗೆ 92,000. ಹೊರಡುವ ದಿನ ಸಂಜೆ 4 ಗಂಟೆಗೆ ಕೊರಿಯರ್ ಹುಡುಗ ಬಾಗಿಲು ಬಡಿದ. ರಾತ್ರಿ 9ಕ್ಕೆ ನಮ್ಮ ಬಸ್ಸು. ಕವರ್ ಕತ್ತರಿಸುವಾಗ ಕೈ ನಡುಗಿ, ಒಳಗಿದ್ದ ರಸೀದಿಯ ಮೂಲೆಯೂ ತುಂಡಾಯಿತು. ಪಾಸ್‌ಪೋರ್ಟಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ನನ್ನ ಹೆಂಡತಿ ಅದನ್ನು ದೇವರ ಮುಂದಿಟ್ಟು ಅತ್ತಳು.

ಜಯನಗರದ ಅಜ್ಜಿ
ಇಷ್ಟೆಲ್ಲಾ ಒದ್ದಾಟ ಯಾಕೆ ಬೇಕು? ನಾವು ಗ್ರೂಪ್ ಟೂರಿನಲ್ಲಿ ಹೋದೆವು. ತಲೆಗೆ 1,85,000. ವೀಸಾ ಅವರೇ ಮಾಡಿಸಿದರು, ಬೆಳಿಗ್ಗೆ ಉಪ್ಪಿಟ್ಟೂ ಸಿಕ್ಕಿತು. ನನಗೆ 69 ವರ್ಷ. ಹಣ ಕೊಟ್ಟು ನೆಮ್ಮದಿ ತಗೊಂಡೆ, ಅದರಲ್ಲಿ ನಾಚಿಕೆ ಏನಿದೆ?

ಹುಬ್ಬಳ್ಳಿ ಮೇಷ್ಟ್ರು
ಅಜ್ಜಿ, ಆ 1,85,000ದಲ್ಲಿ ನಾವಿಬ್ಬರೂ ಹೋಗಿ ಬಂದು ಇನ್ನೂ ಉಳಿದಿತ್ತು. ಎಷ್ಟು ಅಂಗಡಿಗೆ ಕರ್ಕೊಂಡು ಹೋದರು ಹೇಳಿ? ಪಪೈರಸ್, ಅತ್ತರು, ಕಲ್ಲಿನ ಹೂದಾನಿ?

ಜಯನಗರದ ಅಜ್ಜಿ
ಮೂರಕ್ಕೂ ಕರ್ಕೊಂಡು ಹೋದರು, ಹೌದು. ಕಣಿವೆಯಲ್ಲಿ ರಾಜರ ಗೋರಿ ನೋಡಲು ಒಂದೂವರೆ ಗಂಟೆ, ಅತ್ತರಿನ ಅಂಗಡಿಯಲ್ಲಿ ಎರಡು ಗಂಟೆ. ಅದು ನನಗೂ ಬೇಜಾರೇ. ಟಿಪ್ಸ್ ಅಂತ ತಲೆಗೆ 60 ಡಾಲರ್ ಬೇರೆ ಕೇಳಿದರು, ಮೊದಲು ಹೇಳಿರಲಿಲ್ಲ. ಆದರೆ ನನ್ನ ಗಂಡನಿಗೆ ಲಕ್ಸರಿನಲ್ಲಿ ಭೇದಿ ಹತ್ತಿದಾಗ ರಾತ್ರಿ 2 ಗಂಟೆಗೆ ಡಾಕ್ಟರನ್ನು ಕರೆತಂದವನು ಅದೇ ಟೂರಿನ ಹುಡುಗ. ನೀವು ಒಬ್ಬರೇ ಇದ್ದಿದ್ದರೆ ಯಾರನ್ನು ಕರೀತಿದ್ರಿ ಮೇಷ್ಟ್ರೇ?

ವೈಟ್‌ಫೀಲ್ಡ್ ನಿವಾಸಿ
ಅಮೆರಿಕ ವೀಸಾ ಇದ್ದರೆ ಇಳಿದಲ್ಲೇ ಸಿಗುತ್ತೆ ಅಂತ ಅರ್ಧ ಮಾತು ನಂಬಿ ನಾನು ಹಾಳಾದೆ. ದಯವಿಟ್ಟು ಪೂರ್ತಿ ಓದಿ. ಅಮೆರಿಕ, ಬ್ರಿಟನ್, ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಕೆನಡಾ, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇವುಗಳಲ್ಲಿ ಒಂದರ ವೀಸಾ ಇದ್ದರೆ ಸಾಲದು. ಅವಧಿ ಮುಗಿದಿರಬಾರದು, ಒಮ್ಮೆಯಾದರೂ ಅದರಲ್ಲಿ ಪ್ರಯಾಣ ಮಾಡಿರಬೇಕು. ನನ್ನದು ಹತ್ತು ವರ್ಷದ ವೀಸಾ, ಕೋವಿಡ್ ಬಂದು ಬಳಸಿಯೇ ಇರಲಿಲ್ಲ. ಚೆಕ್‌ಇನ್ ಕೌಂಟರಿನಲ್ಲಿ ಆಕೆ ಪುಟ ತಿರುವಿದಳು, ಮತ್ತೆ ತಿರುವಿದಳು, "ಸ್ಟಾಂಪ್ ಎಲ್ಲಿ ಸರ್?" ಅಂದಳು. ಹೆಂಡತಿ, ಮಗು ಒಳಗೆ ಹೋಗಬಹುದು, ನಾನು ಹೋಗಕೂಡದು. ಮೂವರೂ ವಾಪಸ್ ಬಂದೆವು. ಟಿಕೆಟ್ 1,26,000, ನೈಲ್ ದೋಣಿಯ ಮುಂಗಡ 48,000, ಟ್ಯಾಕ್ಸಿ ಎರಡು ಕಡೆ 3,200. ಆರು ವರ್ಷದ ಮಗ ಮನೆಗೆ ಬಂದು ಪಿರಮಿಡ್ಡಿನ ಚಿತ್ರ ಬರೆದು ಬಾಗಿಲಿಗೆ ಅಂಟಿಸಿದ. ಇನ್ನೂ ಅಲ್ಲೇ ಇದೆ.

ಕರಾವಳಿ ಹಕ್ಕಿ
ನಿಯಮ ಬರೆದಿಟ್ಟಿರುತ್ತೆ ಸ್ವಾಮಿ. ಓದದೆ ಹೋದರೆ ಯಾರ ತಪ್ಪು? ನಾವು 2024ರಲ್ಲಿ ಷೆಂಗೆನ್ ವೀಸಾ ತೋರಿಸಿ ಹೋದೆವು. ಇಮಿಗ್ರೇಷನ್ ಸಾಲಿಗಿಂತ ಮೊದಲೇ ಬ್ಯಾಂಕ್ ಕಿಟಕಿ ಇದೆ, ಆಗ 25 ಡಾಲರ್ ನಗದು ಕೊಟ್ಟೆವು, ವೀಸಾ ಸ್ಟಿಕ್ಕರ್ ಕೊಟ್ಟರು. ಹತ್ತು ನಿಮಿಷದ ಕೆಲಸ.

ವೈಟ್‌ಫೀಲ್ಡ್ ನಿವಾಸಿ
ತಪ್ಪು ನನ್ನದೇ ಅಂತ ನನಗೆ ಗೊತ್ತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆದೆ. ಹತ್ತು ನಿಮಿಷದಲ್ಲಿ ಕೆಲಸ ಆದವರಿಗೆ ಈ ನೋವು ಗೊತ್ತಾಗಲ್ಲ ಬಿಡಿ.

ಮೈಸೂರು ಮದುವೆ ಫೋಟೋ
ಡ್ರೋನ್ ತಗೊಂಡು ಹೋಗಬೇಡಿ! ಅನುಮತಿ ಇಲ್ಲದೆ ಆ ದೇಶದೊಳಗೆ ಒಯ್ಯುವ ಹಾಗೇ ಇಲ್ಲ. ನನ್ನದು 84,000ದ್ದು, ಎರಡು ಬ್ಯಾಟರಿ ಬೇರೆ. ಬ್ಯಾಗ್ ಸ್ಕ್ಯಾನ್ ಆದ ಕೂಡಲೇ ಪಕ್ಕಕ್ಕೆ ಕರೆದರು. ನಾಲ್ಕು ಗಂಟೆ ಕೂರಿಸಿ ಒಂದು ಚೀಟಿ ಕೊಟ್ಟರು, ಪೂರ್ತಿ ಅರಬ್ಬಿಯಲ್ಲಿ. ಹೊರಡುವಾಗ ವಾಪಸ್ ತಗೊಳ್ಳಿ ಅಂದರು. ನಾನು ಇಳಿದ ಊರು ಒಂದು, ಹೊರಟ ಊರು ಇನ್ನೊಂದು. ಆ ಚೀಟಿ ಈಗಲೂ ಪರ್ಸಿನಲ್ಲಿದೆ. ಸೇತುವೆ, ಪೊಲೀಸ್, ಸೈನ್ಯ, ಇವುಗಳ ಫೋಟೋವನ್ನೂ ತೆಗೆಯಬೇಡಿ.

ಕರಾವಳಿ ಹಕ್ಕಿ
ಪಿರಮಿಡ್ ಇರುವ ಗೀಜಾದ ಒಂಟೆಯವನ ವಿಷಯ ಯಾರೂ ಹೇಳಲಿಲ್ಲವಲ್ಲ. ಹತ್ತುವಾಗ 300 ಈಜಿಪ್ಟ್ ಪೌಂಡ್ ಅಂದ. ಮರಳಿನ ನಡುವೆ ಹೋಗಿ, ಒಂಟೆ ಕೂರಿಸದೆ, ಈಗ ತಲೆಗೆ 1,000 ಅಂದ. ಇಳಿಯೋದು ಹೇಗೆ? ಕೊಟ್ಟೆವು. ಇನ್ನೊಂದು ಮಾತು. ಪಿರಮಿಡ್, ಮ್ಯೂಸಿಯಂ ಟಿಕೆಟ್ಟಿಗೆ ಬಹಳ ಕಡೆ ನಗದು ನಡೆಯಲ್ಲ, ಕಾರ್ಡ್ ಬೇಕು. ಹೊರಡುವ ಮೊದಲು ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಮಾಡಿಕೊಳ್ಳಿ.

ಶಿವಮೊಗ್ಗ ನರ್ಸ್
ಟಿಕೆಟ್ ಕಡಿಮೆ ಅಂತ ಆಡಿಸ್ ಅಬಾಬ ಮೂಲಕ ಹೋಗುವವರಿಗೆ ಎಚ್ಚರಿಕೆ. ಆ ಊರಿರುವ ಇಥಿಯೋಪಿಯಾ ಹಳದಿ ಜ್ವರ (ಯೆಲ್ಲೋ ಫೀವರ್) ಇರುವ ದೇಶ. ನಮಗೆ ವಾಪಸ್ ಬರುವಾಗ 14 ಗಂಟೆ ಕಾಯುವುದಿತ್ತು, ಊರೊಳಗೆ ಹೋಟೆಲ್ ಕೊಟ್ಟರು, ಖುಷಿಯಿಂದ ಹೋದೆವು. ಭಾರತಕ್ಕೆ ಇಳಿದಾಗ ಲಸಿಕೆ ಕಾರ್ಡ್ ಕೇಳಿದರು. ಇರಲಿಲ್ಲ. ಆ ದೇಶ ಬಿಟ್ಟ ದಿನದಿಂದ ಆರು ದಿನ ತುಂಬುವವರೆಗೆ ಬೇರೆ ಇಟ್ಟರು. ನಾನು ನರ್ಸ್ ಆಗಿಯೂ ಇದನ್ನು ಮೊದಲೇ ಯೋಚಿಸಲಿಲ್ಲವಲ್ಲ ಅನ್ನುವುದು ಈಗಲೂ ಚುಚ್ಚುತ್ತದೆ. ಸೂಜಿಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಬೇಕು.

ಕರಾವಳಿ ಹಕ್ಕಿ
ಸುಮ್ನೆ ಹೆದರಿಸಬೇಡಿ. ನಾವೂ ಅದೇ ದಾರಿಯಲ್ಲಿ ಬಂದೆವು, ಯಾರೂ ಕೇಳಲಿಲ್ಲ.

ಶಿವಮೊಗ್ಗ ನರ್ಸ್
ನೀವು ವಿಮಾನ ನಿಲ್ದಾಣದಿಂದ ಹೊರಗೆ ಬಂದಿರಾ? ಇಲ್ಲ ತಾನೇ? ಒಳಗೇ ಇದ್ದವರಿಗೆ ವಿನಾಯಿತಿ ಇದೆ. ನಿಮಗೆ ಆಗಲಿಲ್ಲ ಅಂದ ಮಾತ್ರಕ್ಕೆ ನಿಯಮವೇ ಇಲ್ಲ ಅನ್ನಬೇಡಿ. ಇಲ್ಲಿ ವಯಸ್ಸಾದವರು ಹೊರಟಿದ್ದಾರೆ.

ಮಗಳೇ, ನಿನ್ನ ಅಮ್ಮನ ಮಾತ್ರೆಯ ಹಿಂಭಾಗ ಓದು. ಟ್ರಮಡಾಲ್ ಅಂತ ಇದ್ದರೆ ಅದನ್ನು ಈಜಿಪ್ಟಿಗೆ ಒಯ್ಯಲೇಬೇಡ. ನಮ್ಮಲ್ಲಿ ಚೀಟಿ ಇದ್ದರೆ ಸಿಗುವ ನೋವಿನ ಮಾತ್ರೆ ಅದು, ಅಲ್ಲಿ ಮಾದಕ ವಸ್ತುವಿನ ಲೆಕ್ಕ. 2017ರಲ್ಲಿ ಬ್ರಿಟನ್ನಿನ ಒಬ್ಬ ಹೆಂಗಸಿಗೆ ಇದೇ ಮಾತ್ರೆ ಒಯ್ದದ್ದಕ್ಕೆ ಮೂರು ವರ್ಷ ಜೈಲು ಶಿಕ್ಷೆ ಆಯಿತು. ಈಗಲೇ ಡಾಕ್ಟರ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸಿಕೊ.

ಜಯನಗರದ ಅಜ್ಜಿ
ಊಟಕ್ಕೆ ಅವಲಕ್ಕಿ, ಪುಳಿಯೋಗರೆ ಪುಡಿ, ಪುಟ್ಟ ಕುಕ್ಕರ್. ಇದು ಇಲ್ಲದೆ ಹೊರಡಬೇಡ.

ಕೈರೋದಲ್ಲಿ ಮೂರು ವರ್ಷ
ಕುಕ್ಕರ್ ಹೊತ್ತುಕೊಂಡು ಹೋಗುವ ಅಗತ್ಯವೇ ಇಲ್ಲ. ಗಾಡಿಯಲ್ಲೇ ತಾಮಿಯ ಸಿಗುತ್ತೆ, ಕಾಳು ರುಬ್ಬಿ ಕರಿದ ವಡೆ. ಮುರಿದರೆ ಒಳಗೆ ಕೊತ್ತಂಬರಿಯ ಹಸಿರು, ಬಿಸಿ ಹಬೆ. ಕೊಶಾರಿ ಅಂದರೆ ಅನ್ನ, ಬೇಳೆ, ಕಡಲೆ, ಮ್ಯಾಕರೋನಿ, ಮೇಲೆ ಗರಿಗರಿ ಈರುಳ್ಳಿ, ಟೊಮೆಟೊ ಗೊಜ್ಜು. ನನ್ನ ಅಮ್ಮ ಇದರಲ್ಲೇ ಹನ್ನೆರಡು ದಿನ ಕಳೆದರು. ಒಂದೇ ಜಾಗ್ರತೆ. ಮೊಲೊಖಿಯಾ ನೋಡಲು ನಮ್ಮ ಸೊಪ್ಪಿನ ಸಾರಿನ ಹಾಗೇ ಇರುತ್ತದೆ, ಆದರೆ ಸಾಮಾನ್ಯವಾಗಿ ಕೋಳಿ ಅಥವಾ ಮೊಲ ಬೇಯಿಸಿದ ನೀರಿನಲ್ಲೇ ಮಾಡುವುದು.

ಜಯನಗರದ ಅಜ್ಜಿ
ಅಯ್ಯೋ. ನಾನು ಎರಡು ಬಟ್ಟಲು ಕುಡಿದೆ! ಟೂರಿನ ಹುಡುಗ ಬರೀ ಸೊಪ್ಪು ಅಜ್ಜಿ ಅಂದಿದ್ದ.

ಹುಬ್ಬಳ್ಳಿ ಮೇಷ್ಟ್ರು
ನೋಡಿದಿರಾ? ಅದಕ್ಕೇ ಹೇಳಿದ್ದು, ಯಾರನ್ನೂ ನಂಬದೆ ಸ್ವಂತ ಹೋಗಬೇಕು ಅಂತ.

ಜಯನಗರದ ಅಜ್ಜಿ
ಮೇಷ್ಟ್ರೇ, ನನ್ನ ಸಂಕಟದ ಮೇಲೆ ನಿಮ್ಮ ವಾದ ಕಟ್ಟಬೇಡಿ. ಸಾಕು.

ದಾವಣಗೆರೆ ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾತ್ರೆಯ ಪಟ್ಟಿ ತಿರುವಿ ನೋಡಿದೆ, ಅದೇ ಹೆಸರು ಇದೆ. ನಾಳೆ ಡಾಕ್ಟರನ್ನು ನೋಡುತ್ತೇವೆ. ನನ್ನ ಕಾಗದ ಈಜಿಪ್ಟಿನ ವೀಸಾ ಕಚೇರಿಗೆ ಹೋಗುತ್ತೆ, ವೀಸಾ ಬಂದ ಮೇಲೆಯೇ ಟಿಕೆಟ್. ಒಂದೇ ಅನುಮಾನ. ಅಪ್ಪ–ಅಮ್ಮನ ಅಮೆರಿಕ ವೀಸಾ ಇರುವುದು ಹಳೇ ಪಾಸ್‌ಪೋರ್ಟಿನಲ್ಲಿ. ಎರಡನೇ ಸಲ ಹೋದಾಗ ಸ್ಟಾಂಪನ್ನೂ ಹಾಕಿಲ್ಲ.

ವೈಟ್‌ಫೀಲ್ಡ್ ನಿವಾಸಿ
ಹಳೇದು, ಹೊಸದು ಎರಡನ್ನೂ ಕೈಚೀಲದಲ್ಲೇ ಇಡಿ, ಸೂಟ್‌ಕೇಸಿಗೆ ಹಾಕಬೇಡಿ. ಮೊದಲ ಸಲದ ಸ್ಟಾಂಪ್ ಇರುವ ಪುಟಕ್ಕೆ ಚೀಟಿ ಅಂಟಿಸಿ. ಅಮೆರಿಕಕ್ಕೆ ಬಂದುಹೋದವರ ದಾಖಲೆ ಇರುವ ಐ-94 ವೆಬ್‌ಸೈಟಿನಲ್ಲಿ ಹೋಗಿ ಬಂದ ದಿನಾಂಕ ಸಿಗುತ್ತೆ, ಅದನ್ನೂ ಪ್ರಿಂಟ್ ತೆಗೆದಿಡಿ. ವಿಮಾನದವರಿಗೆ ಈಗಲೇ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಹೊಸ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇದೆಯಾ ಅಂತಲೂ ನೋಡಿ. 22ರ ಬೆಳಿಗ್ಗೆ ಅಪ್ಪನ ಫೋಟೋ ತೆಗೆದರೆ ಇಲ್ಲಿ ಹಾಕಮ್ಮ. ಮಗನಿಗೆ ತೋರಿಸುತ್ತೇನೆ.