ಅಪ್‌ಡೇಟ್: ಮಗ್ಗಿಗೆ ದಾಳದ ಆಟ

ಮಗ್ಗಿಯನ್ನು ಬರೀ ಬಾಯಿಪಾಠ ಮಾಡಿಸದೆ ಕಲಿಸುವ ಆಟ ಯಾವುದು ಎಂದು ಕೇಳಿದ್ದೆ. ನೀವು ಹೇಳಿದ ಎರಡು ದಾಳಗಳ ಆಯತದ ಆಟವೇ ಸರಿಹೋಯಿತು, ಧನ್ಯವಾದ. 4 ಮತ್ತು 6 ಬಿದ್ದರೆ ಚೌಕುಳಿ ಹಾಳೆಯಲ್ಲಿ 4×6ರ ಆಯತ ಎಳೆದು, ಒಳಗೆ 24 ಎಂದು ಬರೆಯಬೇಕು. ಜಾಗ ಸಿಗದವರು ಸರದಿ ಬಿಡಬೇಕು. ಹಾಳೆ ಮಾತ್ರ 20×20 ಮನೆಗಳದ್ದು (ಚೌಕಗಳದ್ದು) ಇರಲಿ. 10×10 ಆದರೆ ಸರದಿಗೆ ಸರಾಸರಿ 12 ಮನೆ ಹೋಗಿ, ಏಳೆಂಟು ಸರದಿಗೇ ತುಂಬಿಬಿಡುತ್ತದೆ.

ದೊಡ್ಡ ತೊಡಕೆಂದರೆ ಮಕ್ಕಳು ಮನೆಗಳ ಬದಲು ಗೆರೆಗಳನ್ನು ಎಣಿಸುತ್ತಾರೆ. ನಾಲ್ಕು ಗೆರೆಗಳ ನಡುವೆ ಇರುವುದು ಮೂರೇ ಮನೆ, ಹಾಗಾಗಿ ಆಯತ ಒಂದು ಮನೆ ಕಡಿಮೆ ಬೀಳುತ್ತದೆ. ಮೊದಲು ಅಂಚಿನ ಮನೆಗಳ ಒಳಗೆ ಚುಕ್ಕಿ ಇಡಿಸಿ, ಆಮೇಲೆ ಗೆರೆ ಎಳೆಸಿ. ಒಂದೊಂದೇ ಮನೆ ಎಣಿಸುವ ಮಗುವಿಗೆ 6×6ರಲ್ಲಿ ಐದನೇ ಸಾಲಿನ ಕೆಳಗೆ ಗೆರೆ ಹಾಕಿ, 30 ಮತ್ತು 6 ಎಂದು ಒಡೆದು ತೋರಿಸಿ.